ಕಾನೂನು ಪಂಡಿತರ ಬರಹ, ಮನೆಯಾಕೆಗೂ ಆಸರೆ

‘ಕಾಯ್ದೆ-ಕಾನೂನು ಕರಿ ಕೋಟಿನವರ ವಿಷಯ, ನಮಗ್ಯಾಕವ್ವಾ ಅದರ ಉಸಾಬರಿ?’ ಅನ್ನುವವರೇ ನಮ್ಮಲ್ಲಿ ಹೆಚ್ಚು. ಹೀಗಿರುವಾಗ ಕಾನೂನು ಪ್ರಾಧ್ಯಾಪಕರು ತಮ್ಮ ಪತ್ರಿಕೆಗಳಲ್ಲಿ ಬರೆಯುವ ಉದ್ದುದ್ದ ಲೇಖನಗಳ ಗೊಡವೆ ಯಾರಿಗೆ ಬೇಕು, ಅಲ್ಲವೇ? ಆದರೆ ಸೋದರಿಯರೇ, ಹತ್ತಿಮತ್ತೂರಿನ ಹೆಣ್ಣುಮಗಳೊಬ್ಬಳು ತವರಿನ ಹೊಲದಲ್ಲಿ ಪಾಲು ಕೇಳುವಾಗ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಾಗ ಆಕೆಯ ಬೆನ್ನಿಗೆ ಇಂಥ ಬರಹಗಳೂ ನಿಂತಿರುತ್ತವೆ. ಹೇಗೆ ಅಂತೀರಾ? ಕೇಳಿ.

ಏನಿದು ಕಾನೂನು ಪತ್ರಿಕೆ?

ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ, ಅದು ಸರಿಯೋ ತಪ್ಪೋ ಎಂದು ಕೂತು ವಿಚಾರ ಮಾಡುವವರೂ ಬೇಕಲ್ಲ! ಕಾನೂನು ಅಧ್ಯಾಪಕರು ಮಾಡುವುದು ಅದನ್ನೇ. ಹಳೆಯ ತೀರ್ಪುಗಳು, ಬೇರೆ ದೇಶಗಳ ಕಾಯ್ದೆಗಳು ಎಲ್ಲವನ್ನೂ ತಿರುವಿ ಹಾಕಿ, ಮಾತು ಮಾತಿಗೂ ಅಡಿಟಿಪ್ಪಣಿಯಲ್ಲಿ ಆಧಾರ ಕೊಟ್ಟು ಬರೆಯುತ್ತಾರೆ. ಒಳ್ಳೆಯ ಪತ್ರಿಕೆಗಳಲ್ಲಿ ಅಚ್ಚಾಗುವ ಮೊದಲು ಬೇರೆ ವಿದ್ವಾಂಸರು ಅದಕ್ಕೆ ಜರಡಿ ಹಿಡಿಯುತ್ತಾರೆ. ವಕೀಲರು, ನ್ಯಾಯಾಧೀಶರು, ಕಾನೂನು ಆಯೋಗದವರು ಅದನ್ನು ಓದುತ್ತಾರೆ.

ನಾಲ್ವರ ಒಂದು ಪತ್ರ

ಪಕ್ಕದ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ 1972ರ ಮಾರ್ಚ್‌ನಲ್ಲಿ ಹದಿಹರೆಯದ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತೆಂಬ ದೂರು ಬಂತು. ಆರೋಪ ಇದ್ದದ್ದು ಇಬ್ಬರು ಪೊಲೀಸರ ಮೇಲೆ. ಹೈಕೋರ್ಟು ಅವರಿಗೆ ಶಿಕ್ಷೆ ಕೊಟ್ಟರೂ ಸುಪ್ರೀಂ ಕೋರ್ಟು 1978ರಲ್ಲಿ ಬಿಟ್ಟುಬಿಟ್ಟಿತು. ಹುಡುಗಿಯ ಮೈಮೇಲೆ ಗಾಯವಿಲ್ಲ, ಆದ್ದರಿಂದ ಆಕೆ ಪ್ರತಿಭಟಿಸಿರಲಿಕ್ಕಿಲ್ಲ ಎಂಬುದು ತೀರ್ಪಿನ ವಾದ.

ಇದನ್ನು ಓದಿ ಸುಮ್ಮನಿರದ ನಾಲ್ವರು ಕಾನೂನು ಅಧ್ಯಾಪಕರು 1979ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅವರು ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಮತ್ತು ವಸುಧಾ ಧಗಮ್ವಾರ್. ಪತ್ರ ‘ಸುಪ್ರೀಂ ಕೋರ್ಟ್ ಕೇಸಸ್’ ಎಂಬ ಕಾನೂನು ಪತ್ರಿಕೆಯಲ್ಲೂ ಅಚ್ಚಾಯಿತು. ಅವರು ಕೇಳಿದ್ದು ಇಷ್ಟೇ: ಹೆದರಿ ಬಾಯಿ ಕಟ್ಟಿದ ಹುಡುಗಿ ಸುಮ್ಮನಿದ್ದರೆ ಅದು ಒಪ್ಪಿಗೆ ಹೇಗಾದೀತು? ರಾತ್ರಿ ಹೊತ್ತು, ಪೊಲೀಸರದೇ ಠಾಣೆ, ಆಕೆ ಬಡವಿ. ಎದುರಿಸಿ ಕೂಗುವುದು ಅಷ್ಟು ಸುಲಭವೇ?

ಆ ತೀರ್ಪು ಬದಲಾಗಲಿಲ್ಲ ನಿಜ. ಆದರೆ ಪತ್ರ ಕೈಯಿಂದ ಕೈಗೆ ಹೋಯಿತು, 1980ರ ಮಾರ್ಚ್‌ನಲ್ಲಿ ಹೆಂಗಸರು ಊರೂರಿನಲ್ಲಿ ಬೀದಿಗಿಳಿದರು. 1983ರಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿತು. ಪೊಲೀಸರಂಥ ಅಧಿಕಾರಸ್ಥರ ವಶದಲ್ಲಿದ್ದಾಗ ಆದ ಅತ್ಯಾಚಾರದಲ್ಲಿ, ಸಂಭೋಗ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ, ನ್ಯಾಯಾಲಯ ಆ ಮಾತನ್ನೇ ಹಿಡಿದು ಮುಂದುವರಿಯಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ನೊಂದವಳ ಹೆಸರು ಬಯಲಿಗೆ ತರುವುದೂ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಗಳಲ್ಲೂ ಈ ನಿಯಮಗಳು ಉಳಿದಿವೆ.

ಹೊಲದ ಪಾಲಿನ ಮಾತು

ಇನ್ನು ತವರಿನ ಆಸ್ತಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಹೇಳಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಭೂಮಿಯಿಲ್ಲದ ಹೆಣ್ಣಿನ ಪಾಡನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಬರೆದಿದ್ದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಆ ತಿದ್ದುಪಡಿಗಾಗಿ ಮುಂದೆ ನಿಂತು ದುಡಿದರು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಯ್ದೆಬದ್ಧವಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕಲಾಗದು.

ಆದ್ದರಿಂದ ಅಣ್ಣ-ತಮ್ಮಂದಿರು ಪ್ರೀತಿಯಿಂದಲೇ ‘ಇಲ್ಲೊಂದು ಸಹಿ ಹಾಕವ್ವಾ’ ಎಂದರೂ, ಆ ಕಾಗದ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಖರ್ಚಿನ ಚಿಂತೆಯೇ? ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಮಗಳು ಬರೆಯಲಿ

ಕಾನೂನು ಓದಲು ಈಗ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ನಮ್ಮ ಹಾವೇರಿ ಜಿಲ್ಲೆಯ ಮೊಕದ್ದಮೆಗಳನ್ನು ಕೇಳುವ ಹೈಕೋರ್ಟು ಪೀಠವೂ 2008ರಿಂದ ಧಾರವಾಡದಲ್ಲೇ ಇದೆ. ಪಿಯುಸಿ ಆದ ಮೇಲೆ 5 ವರ್ಷ, ಪದವಿ ಆದ ಮೇಲೆ 3 ವರ್ಷದ ಓದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಂತೂ ವಿದ್ಯಾರ್ಥಿಗಳೇ ಕಾನೂನು ಪತ್ರಿಕೆಗಳನ್ನು ಸಂಪಾದಿಸುತ್ತಾರೆ.

ಪಾಲು ಕೇಳಿದ್ದಕ್ಕೆ ತವರಿನ ಬಾಗಿಲು ಮುಚ್ಚಿಸಿಕೊಂಡವಳ ಕಷ್ಟ, ಸಹಿ ಹಾಕಿ ಸುಮ್ಮನಾದವಳ ಸಂಕಟ ಬಲ್ಲವರು ನೀವಲ್ಲದೆ ಮತ್ಯಾರು? ಅದು ನಾಲ್ಕು ಗೋಡೆಯೊಳಗೇ ಉಳಿದರೆ ಯಾವ ಕಾಯ್ದೆಯೂ ತಿದ್ದಿಕೊಳ್ಳುವುದಿಲ್ಲ. ಚೆನ್ನಾಗಿ ಓದುವ ಮಗಳಿದ್ದರೆ ಕಾನೂನು ಓದಿಸಿ. ನಿಮ್ಮಿಂದ ಕೇಳಿದ್ದನ್ನು ಅವಳು ಆಧಾರ ಸಮೇತ ಬರೆಯಲಿ!