ಲೇಸರ್ ನೇತ್ರ ಚಿಕಿತ್ಸೆ: ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕನ್ನಡಕದ ನೆರವಿಲ್ಲದೆ ಸ್ಪಷ್ಟವಾಗಿ ಕಾಣಬೇಕೆಂಬುದು ದೃಷ್ಟಿದೋಷವುಳ್ಳ ಅನೇಕ ಯುವಜನರ ಸಹಜ ಬಯಕೆಯಾಗಿದೆ. ಉದ್ಯೋಗ, ವಿವಾಹ, ಕ್ರೀಡೆ ಮುಂತಾದ ಕಾರಣಗಳಿಂದ ಲೇಸರ್ ಚಿಕಿತ್ಸೆಯತ್ತ ಒಲವು ತೋರುವವರು ಇಂದು ಎಲ್ಲ ಜಿಲ್ಲೆಗಳಲ್ಲಿಯೂ ಇದ್ದಾರೆ. ಬೀದರ, ಕಲಬುರಗಿ, ಯಾದಗಿರಿ ಹಾಗೂ ರಾಯಚೂರು ಭಾಗದ ಜನರು ಇದಕ್ಕಾಗಿ ಹೈದರಾಬಾದಿಗೆ ತೆರಳುವುದು ಸಾಮಾನ್ಯ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶಕ್ಕೆ ಹೈದರಾಬಾದೇ ರಾಜಧಾನಿಯಾಗಿತ್ತು. ವೈದ್ಯಕೀಯ ನೆರವಿಗಾಗಿ ಆ ನಗರದೊಡನೆ ಬೆಳೆದ ನಂಟು ಇಂದಿಗೂ ಉಳಿದುಬಂದಿದೆ. ಮೆಹದೀಪಟ್ಟಣದ ಸರೋಜಿನಿ ದೇವಿ ಸರ್ಕಾರಿ ಕಣ್ಣಾಸ್ಪತ್ರೆ ಮತ್ತು ಚಲನಚಿತ್ರ ನಿರ್ಮಾಪಕ ಎಲ್.ವಿ. ಪ್ರಸಾದ್ ಅವರ ಕುಟುಂಬದ ಕೊಡುಗೆಯ ನೆರವಿನಿಂದ ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರು ಸ್ಥಾಪಿಸಿದ, 1987ರಲ್ಲಿ ಕಾರ್ಯಾರಂಭ ಮಾಡಿದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಈ ನಗರದ ಹೆಸರಾಂತ ನೇತ್ರ ಚಿಕಿತ್ಸಾ ಕೇಂದ್ರಗಳಾಗಿವೆ.

ಚಿಕಿತ್ಸೆ ಎಲ್ಲಿಯೇ ನಡೆಯಲಿ, ಒಂದು ಸಂಗತಿಯನ್ನು ಮೊದಲೇ ಮನಗಾಣಬೇಕು. ಲೇಸರ್ ಚಿಕಿತ್ಸೆಯ ಫಲಾಫಲವು ಶಸ್ತ್ರಕ್ರಿಯೆಯ ಕೆಲವು ನಿಮಿಷಗಳಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. ಅದಕ್ಕೂ ಮೊದಲು ನಡೆಯುವ ಪರೀಕ್ಷೆಯಲ್ಲಿಯೇ ಬಹುಪಾಲು ನಿರ್ಧಾರವಾಗಿರುತ್ತದೆ.

ಒಂದು ಹೆಸರು, ಹಲವು ಚಿಕಿತ್ಸೆಗಳು

‘ಕಣ್ಣಿಗೆ ಲೇಸರ್’ ಎಂಬ ಮಾತನ್ನು ಜನಸಾಮಾನ್ಯರು ಹಲವು ಅರ್ಥಗಳಲ್ಲಿ ಬಳಸುತ್ತಾರೆ. ಮೋತಿಬಿಂದು ಅಥವಾ ಪೊರೆಯನ್ನು ಸಾಮಾನ್ಯವಾಗಿ ತೆಗೆಯುವುದು ಲೇಸರಿನಿಂದಲ್ಲ. ಶ್ರವಣಾತೀತ ತರಂಗಗಳಿಂದ ಅಥವಾ ಚಿಕ್ಕ ಕೊಯ್ತದ ಮೂಲಕ ಅದನ್ನು ಹೊರತೆಗೆದು ಕೃತಕ ಮಸೂರವನ್ನು ಅಳವಡಿಸಲಾಗುತ್ತದೆ. ಮಧುಮೇಹದಿಂದ ರೆಟಿನಾ ಹಾನಿಗೊಂಡವರಿಗೆ ನೀಡುವ ಲೇಸರ್ ಚಿಕಿತ್ಸೆಯ ಉದ್ದೇಶ ಇದ್ದ ದೃಷ್ಟಿ ಮತ್ತಷ್ಟು ಕುಂದದಂತೆ ತಡೆಯುವುದೇ ಹೊರತು ಕನ್ನಡಕ ಬಿಡಿಸುವುದಲ್ಲ. ಅಂಥವರು ಚಿಕಿತ್ಸೆಯನ್ನು ಮುಂದೂಡಬಾರದು. ಈ ಲೇಖನದಲ್ಲಿ ವಿವರಿಸಲಾಗಿರುವುದು ಕನ್ನಡಕದ ನಂಬರನ್ನು ಕಡಿಮೆ ಮಾಡುವ ಲೇಸರ್ ಚಿಕಿತ್ಸೆಯನ್ನು ಮಾತ್ರ. ಇದು ತುರ್ತಿನದಲ್ಲ; ಯೋಚಿಸಿ ನಿರ್ಧರಿಸಲು ಸಾಕಷ್ಟು ಕಾಲಾವಕಾಶವಿರುತ್ತದೆ.

ಲೇಸರ್ ಮಾಡುವ ಕೆಲಸ

ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಪದರವೇ ಕಾರ್ನಿಯಾ. ಇದರ ಬಾಗು ಮತ್ತು ಕಣ್ಣುಗುಡ್ಡೆಯ ಉದ್ದ ಒಂದಕ್ಕೊಂದು ಹೊಂದದಿದ್ದಾಗ ಬೆಳಕಿನ ಕಿರಣಗಳು ರೆಟಿನಾದ ಮೇಲೆ ಸರಿಯಾಗಿ ಕೇಂದ್ರೀಕೃತವಾಗುವುದಿಲ್ಲ. ಕಾರ್ನಿಯಾದ ಅತಿ ತೆಳುವಾದ ಅಂಶವನ್ನು ತೆಗೆದು ಅದರ ಬಾಗನ್ನು ತಿದ್ದುವುದೇ ಲೇಸರ್ ಚಿಕಿತ್ಸೆಯ ತತ್ತ್ವ.

ಎಕ್ಸೈಮರ್ ಎಂಬ ಲೇಸರಿನ ನೇರಳಾತೀತ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಜೀವಕೋಶಗಳ ಪದರವನ್ನು ಅಚ್ಚುಕಟ್ಟಾಗಿ ತೆಗೆಯಬಲ್ಲದೆಂಬುದನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಮದ್ರಾಸಿನಲ್ಲಿ ಜನಿಸಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಇಂದು ಮುಖ್ಯವಾಗಿ ಮೂರು ವಿಧಾನಗಳು ರೂಢಿಯಲ್ಲಿವೆ. ಕಾರ್ನಿಯಾದ ಮೇಲ್ಪೊರೆಯನ್ನು ಸವರಿ ತೆಗೆದು ಲೇಸರ್ ಹಾಯಿಸುವುದು ಪಿಆರ್‌ಕೆ. ತೆಳುವಾದ ಪದರವೊಂದನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅದರ ಕೆಳಗೆ ಲೇಸರ್ ಹಾಯಿಸಿ, ಪದರವನ್ನು ಮತ್ತೆ ಮುಚ್ಚುವುದು ಲಾಸಿಕ್. ಕಾರ್ನಿಯಾದ ಒಳಗೇ ಬಿಲ್ಲೆಯಂತಹ ತುಣುಕನ್ನು ಲೇಸರಿನಿಂದ ಬಿಡಿಸಿ ಕಿರಿದಾದ ಕೊಯ್ತದ ಮೂಲಕ ಹೊರತೆಗೆಯುವುದು ಸ್ಮೈಲ್. ಎಲ್ಲದಕ್ಕಿಂತ ಶ್ರೇಷ್ಠವಾದ ಒಂದೇ ವಿಧಾನ ಎಂಬುದಿಲ್ಲ. ಆಯಾ ಕಣ್ಣಿಗೆ ಹೊಂದುವ ವಿಧಾನವೇ ಸರಿಯಾದದ್ದು.

ಪರೀಕ್ಷೆಯ ಮಹತ್ವ

ಚಿಕಿತ್ಸೆ ಪಡೆಯುವವರಿಗೆ ಕನಿಷ್ಠ 18 ವರ್ಷ ತುಂಬಿರಬೇಕು ಮತ್ತು ಕನ್ನಡಕದ ನಂಬರು ಕಳೆದ ಒಂದು ವರ್ಷದಿಂದಲಾದರೂ ಬದಲಾಗದೆ ಸ್ಥಿರವಾಗಿರಬೇಕು. ನಂಬರು ಏರುತ್ತಿರುವಾಗಲೇ ಚಿಕಿತ್ಸೆ ಮಾಡಿಸಿದರೆ ಕೆಲಕಾಲದಲ್ಲಿ ಮತ್ತೆ ಕನ್ನಡಕ ಬೇಕಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ ಪರೀಕ್ಷೆಗೆ ಮುನ್ನ ವೈದ್ಯರು ಹೇಳಿದಷ್ಟು ಕಾಲ ಅದರ ಬಳಕೆಯನ್ನು ನಿಲ್ಲಿಸಬೇಕು. ಮೃದು ಲೆನ್ಸ್‌ಗೆ ಒಂದೆರಡು ವಾರ, ಗಡುಸು ಲೆನ್ಸ್‌ಗೆ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹತೋಟಿಯಲ್ಲಿಲ್ಲದ ಮಧುಮೇಹವುಳ್ಳವರು, ಸಂಧಿವಾತದಂತಹ ಕೆಲವು ದೀರ್ಘಕಾಲದ ರೋಗಗಳುಳ್ಳವರು ಹಾಗೂ ಕಣ್ಣು ತೀವ್ರವಾಗಿ ಒಣಗುವ ತೊಂದರೆಯುಳ್ಳವರು ಆ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಾರ್ನಿಯಾದ ದಪ್ಪ ಮತ್ತು ಆಕಾರದ ಅಳತೆ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಕಾರ್ನಿಯಾದ ಮಧ್ಯಭಾಗದ ಸರಾಸರಿ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಪ್ರತಿಯೊಂದು ಡಯಾಪ್ಟರ್ ನಂಬರನ್ನು ತಿದ್ದಲು ಸ್ಥೂಲವಾಗಿ 12ರಿಂದ 15 ಮೈಕ್ರಾನ್ ತೆಗೆಯಬೇಕಾಗುತ್ತದೆ. ಲಾಸಿಕ್‌ನಲ್ಲಿ ಮಗುಚುವ ಪದರ ಸುಮಾರು 110 ಮೈಕ್ರಾನ್ ಇರುತ್ತದೆ. ಇವೆರಡನ್ನೂ ಕಳೆದ ಮೇಲೆ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಅನೇಕ ವೈದ್ಯರು 300 ಉಳಿಯಬೇಕೆನ್ನುತ್ತಾರೆ.

ಈ ಲೆಕ್ಕವನ್ನು ಉದಾಹರಣೆಯಿಂದ ತಿಳಿಯಬಹುದು. ಕಾರ್ನಿಯಾ 540 ಮೈಕ್ರಾನ್ ದಪ್ಪವಿದ್ದು, ನಂಬರು ಮೈನಸ್ 4 ಇರುವವರಿಗೆ ಡಯಾಪ್ಟರಿಗೆ 14ರಂತೆ 56 ಮೈಕ್ರಾನ್ ತೆಗೆದರೂ, ಪದರದ 110 ಕಳೆದು 374 ಉಳಿಯುತ್ತದೆ. ಆದರೆ ಕಾರ್ನಿಯಾ 480 ಮೈಕ್ರಾನ್ ಇದ್ದು ನಂಬರು ಮೈನಸ್ 8 ಆಗಿದ್ದರೆ ಉಳಿಯುವುದು 258 ಮಾತ್ರ. ಇಬ್ಬರ ವಯಸ್ಸು ಒಂದೇ ಇರಬಹುದು, ಇಬ್ಬರ ಆಸೆಯೂ ಒಂದೇ ಇರಬಹುದು. ಆದರೆ ಎರಡನೆಯವರಿಗೆ ಲಾಸಿಕ್ ಬೇಡವೆಂದು ಹೇಳುವ ವೈದ್ಯರು ಅವರ ಹಿತವನ್ನೇ ಕಾಯುತ್ತಿರುತ್ತಾರೆ.

ದಪ್ಪ ಸಾಕಷ್ಟಿದ್ದರೂ ಆಕಾರದಲ್ಲಿ ದೋಷವಿರಬಹುದು. ಕಾರ್ನಿಯಾ ಕ್ರಮೇಣ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ರೋಗ ಸಾಮಾನ್ಯವಾಗಿ ಹರೆಯದಲ್ಲಿಯೇ ತಲೆದೋರುತ್ತದೆ. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸವುಳ್ಳವರಲ್ಲಿ ಇದರ ಸಂಭವ ಹೆಚ್ಚು. ಆರಂಭದ ಹಂತದಲ್ಲಿ ಕನ್ನಡಕದಿಂದ ಚೆನ್ನಾಗಿಯೇ ಕಾಣುವುದರಿಂದ ರೋಗಿಗೆ ಇದರ ಅರಿವಿರುವುದಿಲ್ಲ. ಟೊಪೋಗ್ರಫಿ ಎಂಬ ನಕ್ಷೆ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಇಂತಹ ಕಣ್ಣಿಗೆ ಲಾಸಿಕ್ ಮಾಡಿದರೆ ಮೊದಲೇ ದುರ್ಬಲವಾದ ಕಾರ್ನಿಯಾ ಮತ್ತಷ್ಟು ಉಬ್ಬಿ, ಕನ್ನಡಕದಿಂದಲೂ ಸರಿಪಡಿಸಲಾಗದಷ್ಟು ದೃಷ್ಟಿ ಕೆಡಬಹುದು. ಕೆಲವೊಮ್ಮೆ ದಾನಿಯ ಕಾರ್ನಿಯಾವನ್ನು ಕಸಿ ಮಾಡಬೇಕಾದೀತು. ಹೀಗಾಗಿ ‘ನಿಮಗೆ ಲೇಸರ್ ಆಗದು’ ಎಂಬ ಉತ್ತರವನ್ನು ನಿರಾಶೆಯ ಮಾತೆಂದು ಭಾವಿಸಬಾರದು. ಅದು ಬಾರದೆ ಹೋಗಿದ್ದರೆ ಪತ್ತೆಯಾಗದಿರುತ್ತಿದ್ದ ರೋಗಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆಯುವ ಅವಕಾಶವೂ ಅದರಲ್ಲಿದೆ. ರೈಬೊಫ್ಲಾವಿನ್ ಹನಿ ಮತ್ತು ನೇರಳಾತೀತ ಕಿರಣದಿಂದ ಕಾರ್ನಿಯಾವನ್ನು ಗಟ್ಟಿಗೊಳಿಸಿ ರೋಗ ಮುಂದುವರಿಯದಂತೆ ತಡೆಯುವ ವಿಧಾನ ಇಂದು ಲಭ್ಯವಿದೆ. ಒಂದೆಡೆ ಬೇಡವೆಂದ ಮೇಲೆ, ಒಪ್ಪುವವರು ಸಿಗುವವರೆಗೆ ಊರೂರು ಅಲೆಯುವುದು ಅಪಾಯಕರ.

ಚಿಕಿತ್ಸೆಯ ದಿನ ಮತ್ತು ಅನಂತರ

ಮರಗಟ್ಟಿಸುವ ಹನಿಗಳನ್ನು ಕಣ್ಣಿಗೆ ಹಾಕಲಾಗುವುದರಿಂದ ಸಾಮಾನ್ಯವಾಗಿ ಚುಚ್ಚುಮದ್ದಿನ ಅವಶ್ಯಕತೆ ಇರುವುದಿಲ್ಲ. ರೆಪ್ಪೆಗಳು ಮುಚ್ಚದಂತೆ ಸಣ್ಣ ಸಾಧನವನ್ನು ಇರಿಸಲಾಗುತ್ತದೆ. ಲಾಸಿಕ್‌ನಲ್ಲಿ ಕೆಲವು ಸೆಕೆಂಡುಗಳ ಕಾಲ ಕಣ್ಣಿನ ಮೇಲೆ ಒತ್ತಡವೆನಿಸಿ ಕತ್ತಲೆ ಕವಿದಂತಾಗಬಹುದು. ಎಕ್ಸೈಮರ್ ಲೇಸರ್ ಹಾಯುವಾಗ ಕೂದಲು ಸುಟ್ಟಂತಹ ವಾಸನೆ ಬರಬಹುದು. ಇವುಗಳಿಂದ ಗಾಬರಿಗೊಳ್ಳದೆ ತೋರಿಸಿದ ದೀಪವನ್ನೇ ದಿಟ್ಟಿಸಬೇಕು. ಆ ದಿನವೇ ಮನೆಗೆ ಹೋಗಬಹುದಾದರೂ ಜೊತೆಗೊಬ್ಬರು ಇರಬೇಕು. ಮರುದಿನದ ತಪಾಸಣೆ ಅಗತ್ಯವಾದುದರಿಂದ ದೂರದ ಜಿಲ್ಲೆಗಳಿಂದ ಬಂದವರು ಆ ರಾತ್ರಿ ನಗರದಲ್ಲಿಯೇ ಉಳಿಯಲು ಏರ್ಪಾಡು ಮಾಡಿಕೊಳ್ಳುವುದು ಒಳಿತು.

ಲಾಸಿಕ್ ಆದವರಿಗೆ ಕೆಲವು ಗಂಟೆ ಉರಿ ಮತ್ತು ನೀರು ಸುರಿಯುವಿಕೆ ಇರುತ್ತದೆ. ಬಹುಮಂದಿಗೆ ಮರುದಿನವೇ ದೃಷ್ಟಿ ತಿಳಿಯಾಗುತ್ತದೆ. ಪಿಆರ್‌ಕೆ ಆದವರಿಗೆ ಮೂರು ನಾಲ್ಕು ದಿನ ನೋವಿದ್ದು, ದೃಷ್ಟಿ ತಿಳಿಯಾಗಲು ವಾರಗಳೇ ಹಿಡಿಯಬಹುದು. ಕಣ್ಣನ್ನು ಉಜ್ಜಬಾರದು, ವೈದ್ಯರು ಹೇಳುವವರೆಗೆ ಕಣ್ಣಿಗೆ ನೀರು ತಾಗಿಸಬಾರದು, ಕಾಡಿಗೆ, ಈಜು ಹಾಗೂ ಧೂಳಿನ ಕೆಲಸದಿಂದ ದೂರವಿರಬೇಕು. ಕಣ್ಣು ಒಣಗುವುದು ಮತ್ತು ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಕೆಲವು ತಿಂಗಳು ಇರಬಹುದು. ಕೆಲವರಲ್ಲಿ ಅದು ಉಳಿದುಬಿಡುವುದೂ ಉಂಟು. ನೋವು ಹೆಚ್ಚಿದರೆ, ಕಣ್ಣು ಕೆಂಪೇರಿದರೆ ಅಥವಾ ದೃಷ್ಟಿ ಮಂಕಾದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಲೇಸರಿನಿಂದ ಆಗದಿರುವುದು

ನಲವತ್ತರ ಆಸುಪಾಸಿನಲ್ಲಿ ಬರುವ ಚಾಳೀಸಿನ ತೊಂದರೆಯನ್ನು ಈ ಚಿಕಿತ್ಸೆ ತಡೆಯುವುದಿಲ್ಲ. ಓದಲು ಕನ್ನಡಕ ಬೇಕಾಗಬಹುದು. ಹೆಚ್ಚು ಮೈನಸ್ ನಂಬರುಳ್ಳವರ ಕಣ್ಣುಗುಡ್ಡೆಯ ಉದ್ದ ಹಾಗೆಯೇ ಉಳಿಯುವುದರಿಂದ ರೆಟಿನಾ ಹರಿಯುವ ಅಪಾಯವೂ ಹಾಗೆಯೇ ಉಳಿಯುತ್ತದೆ. ಕಣ್ಣಮುಂದೆ ಹಠಾತ್ತನೆ ಮಿಂಚು ಅಥವಾ ಕಪ್ಪು ಚುಕ್ಕೆಗಳು ಕಾಣಿಸಿಕೊಂಡರೆ ವಿಳಂಬ ಸಲ್ಲದು.

ಉದ್ಯೋಗಾಕಾಂಕ್ಷಿಗಳು ವಿಶೇಷ ಎಚ್ಚರ ವಹಿಸಬೇಕು. ಕನ್ನಡಕವಿಲ್ಲದಿದ್ದರೆ ಎಲ್ಲ ಹುದ್ದೆಗಳಿಗೂ ಅರ್ಹತೆ ದೊರೆಯುತ್ತದೆಂಬ ತಿಳಿವಳಿಕೆ ತಪ್ಪು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಯ 2024ರ ನೇಮಕಾತಿ ಪ್ರಕಟಣೆಯಂತೆ ಲಾಸಿಕ್ ಮಾಡಿಸಿಕೊಂಡವರು ಅದಕ್ಕೆ ಅರ್ಹರಲ್ಲ. ಆದ್ದರಿಂದ ಬಯಸಿದ ಹುದ್ದೆಯ ವೈದ್ಯಕೀಯ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಆರೋಗ್ಯ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ 7.5 ಡಯಾಪ್ಟರಿಗಿಂತ ಕಡಿಮೆ ನಂಬರಿನ ತಿದ್ದುಪಡಿಯ ವೆಚ್ಚವನ್ನು ಭರಿಸುವುದಿಲ್ಲ ಎಂಬುದೂ ನೆನಪಿನಲ್ಲಿರಲಿ.

ಕೇಳಬೇಕಾದ ಪ್ರಶ್ನೆಗಳು

ಕಾರ್ನಿಯಾದ ದಪ್ಪ ಎಷ್ಟು, ಚಿಕಿತ್ಸೆಯ ನಂತರ ಎಷ್ಟು ಉಳಿಯುತ್ತದೆ, ನಕ್ಷೆಯಲ್ಲಿ ಸಂಶಯಾಸ್ಪದವಾದುದೇನಾದರೂ ಇದೆಯೇ, ಯಾವ ವಿಧಾನವನ್ನು ಏಕೆ ಸೂಚಿಸಲಾಗಿದೆ, ನಂಬರು ಉಳಿದರೆ ಮುಂದೇನು, ತಪಾಸಣೆಗಳೂ ಸೇರಿ ಒಟ್ಟು ವೆಚ್ಚವೆಷ್ಟು ಎಂಬುದನ್ನು ಸಹಿ ಮಾಡುವ ಮುನ್ನ ಕೇಳಿ ತಿಳಿಯಬೇಕು. ಒಪ್ಪಿಗೆ ಪತ್ರ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಕನ್ನಡದಲ್ಲಿ ವಿವರಿಸುವಂತೆ ಕೋರುವ ಹಕ್ಕು ರೋಗಿಗಿದೆ. ಚಿಕಿತ್ಸೆಗೆ ಮುಂಚಿನ ಅಳತೆಗಳ ದಾಖಲೆಯನ್ನು ಪಡೆದು ಜೋಪಾನವಾಗಿಡಬೇಕು. ಮುಂದೆ ವಯಸ್ಸಾದ ಮೇಲೆ ಪೊರೆಯ ಶಸ್ತ್ರಕ್ರಿಯೆಯಾಗುವಾಗ ಅಳವಡಿಸಬೇಕಾದ ಮಸೂರದ ಶಕ್ತಿಯನ್ನು ಸರಿಯಾಗಿ ಲೆಕ್ಕಹಾಕಲು ಆ ಕಾಗದಗಳು ವೈದ್ಯರಿಗೆ ನೆರವಾಗುತ್ತವೆ.