ಗಾಳಿ ಹಿಡಿಯುವ ಮನೆಗಳು

ಚಳಿಗಾಲದಲ್ಲಿ ದುಬೈಗೆ ಹೋಗಿಬರುವ ನಮ್ಮ ಕಡೆಯವರು ಬುರ್ಜ್ ಖಲೀಫಾ ನೋಡುತ್ತಾರೆ, ಗ್ಲೋಬಲ್ ವಿಲೇಜ್ ಸುತ್ತುತ್ತಾರೆ, ದೇರಾದ ಚಿನ್ನದ ಪೇಟೆಯಲ್ಲಿ ಒಂದು ಸಂಜೆ ಕಳೆದು ಬರುತ್ತಾರೆ. ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಿಂದ ಹೊರಟವರಿಗೆ ನಾನು ಇನ್ನೊಂದು ಜಾಗ ಹೇಳುತ್ತೇನೆ. ಬರ್ ದುಬೈ ಭಾಗದಲ್ಲಿ, ಖಾರಿಯ ದಂಡೆಗೆ ಅಂಟಿಕೊಂಡು ಅಲ್ ಫಹಿದಿ ಎಂಬ ಹಳೆಯ ಕೇರಿ ಇದೆ. ಮಾಳಿಗೆ ಮನೆಯಲ್ಲಿ ಬೆಳೆದವರು ಅದನ್ನು ನೋಡಲೇಬೇಕು. ಬಿಸಿಲಿನ ಸೀಮೆಯಲ್ಲಿ ಕರೆಂಟಿಲ್ಲದೆ ಬದುಕಿದವರು ಮನೆಯನ್ನು ಹೇಗೆ ಕಟ್ಟಿಕೊಂಡರು ಎಂಬುದು ಅವರಿಗೆ ತಿಳಿದಷ್ಟು ಚೆನ್ನಾಗಿ ಬೇರೆ ಪ್ರವಾಸಿಗರಿಗೆ ತಿಳಿಯಲಾರದು.

ಕೇರಿಯ ಮನೆಗಳ ಮೇಲೆ ಚೌಕಾಕಾರದ ಗೋಪುರಗಳು ನಿಂತಿವೆ. ಅಲ್ಲಿಯವರು ಅದಕ್ಕೆ ಬರ್ಜೀಲ್ ಎನ್ನುತ್ತಾರೆ. ಕೆಲವು ಗೋಪುರಗಳ ತುದಿ ನೆಲದಿಂದ ಸುಮಾರು 15 ಮೀಟರ್ ಎತ್ತರದಲ್ಲಿದೆ. ಮೇಲ್ಭಾಗ ನಾಲ್ಕೂ ಕಡೆಗೆ ತೆರೆದಿರುತ್ತದೆ. ಒಳಗೆ ಮೂಲೆಯಿಂದ ಮೂಲೆಗೆ ಎರಡು ತೆಳುಗೋಡೆಗಳು ಅಡ್ಡಹಾಯ್ದು ಗೋಪುರವನ್ನು ನಾಲ್ಕು ಕೊಳವೆಗಳಾಗಿ ಸೀಳುತ್ತವೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಆ ದಿಕ್ಕಿಗೆ ಬಾಯಿ ತೆರೆದ ಕೊಳವೆ ಅದನ್ನು ಹಿಡಿದು ಕೆಳಗೆ ಇಳಿಸುತ್ತದೆ. ಎದುರು ಬದಿಯ ಕೊಳವೆ ಕೋಣೆಯ ಬಿಸಿ ಗಾಳಿಯನ್ನು ಎಳೆದು ಮೇಲಕ್ಕೆ ಬಿಡುತ್ತದೆ. ಗೋಪುರದ ಕೆಳತುದಿ ನೆಲಕ್ಕೆ ಮುಟ್ಟುವುದಿಲ್ಲ, ಆಳೆತ್ತರದಲ್ಲೇ ನಿಲ್ಲುತ್ತದೆ. ಚಾಪೆಯ ಮೇಲೆ ಕೂತವರ, ಮಲಗಿದವರ ಮೈಗೆ ಗಾಳಿ ನೇರವಾಗಿ ತಾಗಬೇಕೆಂಬ ಲೆಕ್ಕ ಅದು. ಗೋಪುರದ ಹೊರಮೈಯಿಂದ ಕಟ್ಟಿಗೆಯ ತುಂಡುಗಳು ಚಾಚಿಕೊಂಡಿರುತ್ತವೆ. ಅವು ಬರೀ ಅಂದಕ್ಕಲ್ಲ. ಗೋಡೆಯನ್ನು ಬಿಗಿಯಾಗಿ ಹಿಡಿಯುವುದು ಒಂದು ಕೆಲಸ, ಗಾರೆ ಬಳಿಯಲು ಮೇಲೆ ಹತ್ತುವ ಗವಂಡಿಗೆ ಕಾಲಿಡಲು ಆಸರೆಯಾಗುವುದು ಇನ್ನೊಂದು.

ಗೋಡೆಗಳು ಹವಳದ ಕಲ್ಲಿನವು. ಸಮುದ್ರದಿಂದ ತೆಗೆದ ಈ ಕಲ್ಲಿನ ತುಂಬ ಸಣ್ಣ ರಂಧ್ರಗಳು, ಹಾಗಾಗಿ ಹೊರಗಿನ ಕಾವು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಜಿಪ್ಸಮ್ ಸುಟ್ಟು ಮಾಡಿದ ಗಾರೆಯಿಂದ ಅದನ್ನು ಕಟ್ಟಿದ್ದಾರೆ. ಬಾಗಿಲಿನ ಸಾಗವಾನಿ ನಮ್ಮ ದೇಶದಿಂದ ಹಡಗೇರಿ ಹೋದದ್ದು. ಚಾವಣಿಯ ಜಂತಿಗಳು ಪೂರ್ವ ಆಫ್ರಿಕಾದ ಕಾಂಡ್ಲಾ ಕಾಡಿನವು, ದುಬೈನವರು ಅದಕ್ಕೆ ಚಂದಲ್ ಎನ್ನುತ್ತಾರೆ. ಆ ಮರದ ಗಳ ಮೂರು ನಾಲ್ಕು ಮೀಟರಿಗಿಂತ ಉದ್ದ ಸಿಗುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಕೋಣೆಗಳು ಎಷ್ಟು ಉದ್ದವಿದ್ದರೂ ಅಗಲದಲ್ಲಿ ಅಷ್ಟಕ್ಕೇ ನಿಲ್ಲುತ್ತವೆ. ನಮ್ಮಲ್ಲಿ ತೊಲೆಯ ಉದ್ದ ನೋಡಿ ಅಂಕಣ ಹಾಕುತ್ತಿದ್ದರಲ್ಲ, ಇಷ್ಟು ಅಂಕಣದ ಮನೆ ಎಂದು ಅಳತೆ ಹೇಳುತ್ತಿದ್ದರಲ್ಲ, ಲೆಕ್ಕ ಅದೇ. ಅಲ್ಲಿ ಜಂತಿಯ ಮೇಲೆ ಖರ್ಜೂರದ ಗರಿಯ ಚಾಪೆ ಹಾಸಿ ಮಣ್ಣು ಹಾಕುತ್ತಿದ್ದರು. ನಮ್ಮಲ್ಲಿ ಹಲಗೆ ಹೊದಿಸಿ ಮಣ್ಣು ಹಾಕಿ, ನಡುವೆ ಬೆಳಕಿಂಡಿ ಬಿಡುತ್ತಿದ್ದರು.

ಎತ್ತರದ ಗೋಡೆಗಳ ನಡುವೆ ಓಣಿಗಳು ತೀರ ಇಕ್ಕಟ್ಟು. ಒಂದು ಗೋಡೆಯ ನೆರಳು ಎದುರಿನ ಗೋಡೆಯ ಮೇಲೆ ಬೀಳಲಿ, ಖಾರಿಯ ಗಾಳಿ ಸೀದಾ ಒಳಗೆ ನುಗ್ಗಲಿ ಎಂದೇ ಹಾಗೆ ಬಿಟ್ಟದ್ದು. ಬೀದಿಗೆ ಕಿಟಕಿ ಕಡಿಮೆ. ಕೋಣೆಗಳೆಲ್ಲ ಬಾಯಿ ತೆರೆಯುವುದು ಒಳಗಿನ ಅಂಗಳಕ್ಕೆ. ಬಂದವರನ್ನು ಕೂರಿಸುವ ಮಜ್ಲಿಸ್ ಬಾಗಿಲ ಹತ್ತಿರವೇ ಬೇರೆಯಾಗಿರುತ್ತದೆ, ಮನೆಯ ಹೆಂಗಸರ ಓಡಾಟಕ್ಕೆ ಅಡ್ಡಿಯಾಗದಂತೆ.

ಈ ಮನೆಗಳನ್ನು ಕಟ್ಟಿಸಿದವರು ಮೂಲದಲ್ಲಿ ದುಬೈನವರಲ್ಲ. ಕೊಲ್ಲಿಯ ಆಚೆದಡದ ಇರಾನಿನಲ್ಲಿ ಲಿಂಗೆ ಎಂಬ ಬಂದರು ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಸುಂಕ ಬಿಗಿಯಾಯಿತು. ಅದೇ ಹೊತ್ತಿಗೆ ದುಬೈನ ಶೇಖ್ ಮಕ್ತೂಮ್ ಬಿನ್ ಹಶೆರ್ ತಮ್ಮ ಬಂದರಿನಲ್ಲಿ ಸುಂಕವನ್ನೇ ತೆಗೆದುಹಾಕಿದರು. ಇರಾನಿನ ಬಸ್ತಕ್ ಎಂಬ ಊರಿನ ಮತ್ತು ಅದರ ಸುತ್ತಲಿನ ವ್ಯಾಪಾರಿಗಳು ಸಂಸಾರ ಸಮೇತ ಈಚೆ ಬಂದು ನೆಲೆಸಿದರು, ಬರುವಾಗ ತಮ್ಮ ಕಡೆಯ ಗಾಳಿಗೋಪುರದ ವಿದ್ಯೆಯನ್ನೂ ತಂದರು. ಅವರಿಂದಲೇ ಈ ಕೇರಿಗೆ ಬಸ್ತಕಿಯಾ ಎಂಬ ಹೆಸರು ಬಂತು. ಆಗ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1909ರಲ್ಲಿ ತೆರೆದ ಅಲ್ಲಿನ ಮೊದಲ ಅಂಚೆ ಕಚೇರಿಯೂ ಭಾರತದ್ದೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅವರು ಅದನ್ನು ಬಿಟ್ಟರು.

ಇರಾನಿನ ವಿದ್ಯೆ ನಮ್ಮ ಸೀಮೆಗೂ ಬಂದಿದೆ, ಅದೂ ಇನ್ನೂ ಮೊದಲೇ. ಉದಗೀರಿನಿಂದ ಬೀದರ ದೂರವೇನಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ನೆಲದೊಳಗೆ ಸುರಂಗ ಕೊರೆದು ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸುವ ಕರೇಜ್ ಬೀದರಿನ ನೌಬಾದಿನಲ್ಲಿ ಆಯಿತು. 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತದವನು. ದುಬೈಯಿಂದ ಒಂದೂವರೆ ತಾಸಿನ ದಾರಿಯ ಅಲ್ ಐನ್ ಊರಿನ ಖರ್ಜೂರದ ತೋಟಗಳಿಗೆ ಇವತ್ತಿಗೂ ನೀರು ಹರಿಯುವುದು ಅದೇ ತತ್ವದ ಫಲಜ್ ಕಾಲುವೆಗಳಲ್ಲಿ. ಬೀದರಿನಲ್ಲಿ ನೀರಿನ ದಾರಿ, ದುಬೈನಲ್ಲಿ ಗಾಳಿಯ ದಾರಿ. ಎರಡಕ್ಕೂ ಯಂತ್ರವಿಲ್ಲ, ಎಣ್ಣೆ ಬೇಡ. ಈ ನಂಟನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ ಎಂಬುದು ನನಗೆ ನೋವಿನ ವಿಷಯ.

1961ರ ಹೊತ್ತಿಗೆ ದುಬೈಗೆ ಕರೆಂಟು ಬಂತು, 1966ರಲ್ಲಿ ಎಣ್ಣೆ ಸಿಕ್ಕಿತು. ಏಸಿ ಬಂದ ಮೇಲೆ ಗೋಪುರಕ್ಕೆ ಕೆಲಸ ಉಳಿಯಲಿಲ್ಲ. ಅನುಕೂಲವಂತರು ಹೊಸ ಬಡಾವಣೆಗಳಿಗೆ ಹೋದರು, ಹಳೆಯ ಮನೆಗಳು ಗೋದಾಮುಗಳಾದವು, ಕೂಲಿಯವರ ಬಿಡಾರಗಳಾದವು. 1980ರ ದಶಕದಲ್ಲಿ ಕೇರಿಯ ಅರ್ಧದಷ್ಟನ್ನು ಕೆಡವಿದರು. ಉಳಿದದ್ದನ್ನೂ ಕೆಡವಬೇಕೆಂದಿದ್ದಾಗ, ಅಲ್ಲಿನ ಒಂದು ಮನೆಯಲ್ಲಿದ್ದ ರೇನರ್ ಆಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಅದನ್ನು ಉಳಿಸಲು ನಿಂತರು. 1989ರಲ್ಲಿ ದುಬೈಗೆ ಬಂದ ರಾಜಕುಮಾರ ಚಾರ್ಲ್ಸ್ ಕೇರಿಯನ್ನು ನೋಡಿ ಉಳಿಸಬೇಕೆಂದು ಕೇಳಿಕೊಂಡರು. ಕೆಡವುವುದು ನಿಂತಿತು. ಆಮೇಲೆ ನಗರಪಾಲಿಕೆಯೇ ಮನೆಗಳ ದುರಸ್ತಿ ಮಾಡಿಸಿತು. ಐವತ್ತಕ್ಕೂ ಹೆಚ್ಚು ಮನೆಗಳು ಉಳಿದವು. ಈಗ ಅಲ್ಲಿ ಕಾಫಿ ಸಂಗ್ರಹಾಲಯವಿದೆ, ಚಿತ್ರಶಾಲೆಗಳಿವೆ. ಅರಬರ ಮನೆಯೂಟ ಬಡಿಸಿ, ಅವರ ರೀತಿ ನೀತಿಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಶೇಖ್ ಮೊಹಮ್ಮದ್ ಸಾಂಸ್ಕೃತಿಕ ಕೇಂದ್ರವೂ ಇದೆ.

ಇದನ್ನು ನಮ್ಮವರು ನೋಡಬೇಕು ಅನ್ನುವುದಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಆದಾಗ ಜನರ ಮೇಲೆ ಬಿದ್ದದ್ದು ಮಾಳಿಗೆಯ ಮಣ್ಣು, ದಪ್ಪ ಗೋಡೆಯ ಕಲ್ಲು. ಸಾವಿರಾರು ಜನ ಮಲಗಿದಲ್ಲೇ ಹೋದರು. ತೇರಣಾ ಅಣೆಕಟ್ಟಿನ ಮಾಕಣಿಯಿಂದ ಕಿಲ್ಲಾರಿ ಹತ್ತಿರದಲ್ಲೇ ಇದೆ. ಆಮೇಲೆ ಈ ಭಾಗದ 52 ಊರುಗಳನ್ನು ಹೊಸ ಜಾಗಕ್ಕೆ ಎಬ್ಬಿಸಿ ಸಿಮೆಂಟಿನ ಮನೆ ಕೊಟ್ಟರು. ಜನರಿಗೆ ಕಲ್ಲು ಮಣ್ಣಿನ ಮೇಲೆ ಭಯ ಹುಟ್ಟಿತು, ಆ ಭಯಕ್ಕೆ ಅರ್ಥವಿತ್ತು. ಆದರೆ ತಪ್ಪೆಲ್ಲ ಕಲ್ಲು ಮಣ್ಣಿನದೇ ಆಗಿರಲಿಲ್ಲ. ಸೋರಿಕೆಗೆ ಹೆದರಿ ಮಾಳಿಗೆಗೆ ಮಣ್ಣು ಏರಿಸುತ್ತಲೇ ಬಂದದ್ದು, ಗೋಡೆಯ ಒಳಮೈ ಹೊರಮೈ ಎರಡನ್ನೂ ಕೂಡಿಸುವ ಉದ್ದ ಕಲ್ಲು ಇಡದೆ ಕಟ್ಟಿದ್ದು, ಕಂಬ ತೊಲೆ ಕೂಡುವಲ್ಲಿ ಓರೆಪಟ್ಟಿ ಬಡಿಯದೆ ಬಿಟ್ಟದ್ದು ಮುಖ್ಯ ದೋಷಗಳು. ಮಣ್ಣು ಇಳಿಸಿ, ಉದ್ದ ಕಲ್ಲು ಸೇರಿಸಿ, ಮೂಲೆ ಬಿಗಿದು ಹಳೆಯ ಮನೆಗಳನ್ನೇ ಗಟ್ಟಿ ಮಾಡುವ ರೀತಿಯನ್ನು ಎಂಜಿನಿಯರುಗಳು ಆಗಲೇ ಇಲ್ಲಿ ಮಾಡಿ ತೋರಿಸಿದ್ದರು. ಅದು ಊರೂರಿಗೆ ಹಬ್ಬಲಿಲ್ಲ. ಮೇ ತಿಂಗಳಲ್ಲಿ ತಗಡಿನ ಕೆಳಗೆ ಬೇಯುವವರಿಗೆ ಹಳೆಯ ಮಾಳಿಗೆಯ ತಂಪಿನ ಬೆಲೆ ಗೊತ್ತು. ಆ ತಂಪನ್ನು ಅಪಾಯವಿಲ್ಲದೆ ಉಳಿಸಿಕೊಳ್ಳಬಹುದು ಎಂದು ನಾನು ನಂಬಿದ್ದೇನೆ. ಹೊಸ ಮನೆ ಕಟ್ಟಿಸುವವರು, ಗವಂಡಿಗಳು, ಎಂಜಿನಿಯರಿಂಗ್ ಓದುವ ಹುಡುಗರು ಅಲ್ ಫಹಿದಿಯ ಗೋಡೆಯ ಮುಂದೆ ಒಮ್ಮೆ ನಿಲ್ಲಲಿ ಎಂಬ ಆಸೆ ಅದಕ್ಕೇ.

ಹೋಗುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ. ಬೇಸಿಗೆಯಲ್ಲಿ ಅಲ್ಲಿ ಹಗಲು ಕಾಲ್ನಡಿಗೆ ಆಗದ ಮಾತು. ಜನವರಿಯ ರಾತ್ರಿ ಎಳ್ಳಮಾಸಿಗೆ ಚರಗ ಚೆಲ್ಲುವ ಹೊತ್ತಿನ ನಮ್ಮ ಚಳಿಯಷ್ಟು ಇರುತ್ತದೆ, ಒಂದು ಸ್ವೆಟರ್ ಸಾಕು. ಉಮರ್ಗಾದಿಂದ ಸೊಲ್ಲಾಪುರ ಹೆದ್ದಾರಿ ಹಿಡಿದರೆ ಹೈದರಾಬಾದ್, ಅಲ್ಲಿಂದ ವಿಮಾನದಲ್ಲಿ ಸುಮಾರು ನಾಲ್ಕು ತಾಸಿಗೆ ದುಬೈ. ಮೆಟ್ರೋದ ಹಸಿರು ಮಾರ್ಗದಲ್ಲಿ ಶರಫ್ ಡಿಜಿ ನಿಲ್ದಾಣದಲ್ಲಿ ಇಳಿದು ನಡೆದರೆ ಕೇರಿ. ಓಣಿಗಳಿಗೆ ಟಿಕೆಟ್ ಇಲ್ಲ. ಅಲ್ಲಿಂದ ಸ್ವಲ್ಪ ದೂರದ ಧಕ್ಕೆಯಲ್ಲಿ ಕಟ್ಟಿಗೆಯ ದೋಣಿ ಅಬ್ರಾ ಸಿಗುತ್ತದೆ, ಒಂದು ದಿರ್ಹಮ್ ಕೊಟ್ಟರೆ ದೇರಾಕ್ಕೆ ದಾಟಿಸುತ್ತದೆ.

ಊರ ಹೊರಗೆ ಮರಳುಗಾಡಿಗೆ ಹೋದರೆ ಘಾಫ್ ಮರಗಳನ್ನು ಗಮನಿಸಿ. ಆ ದೇಶದ ರಾಷ್ಟ್ರೀಯ ವೃಕ್ಷ ಅದು, ನಾವು ದಸರೆಗೆ ಪೂಜಿಸುವ ಬನ್ನಿ ಮರವೇ. ಕೇರಿಗೆ ಮಾತ್ರ ಬೆಳಿಗ್ಗೆಗಿಂತ ಮಧ್ಯಾಹ್ನ ಮೂರರ ಮೇಲೆ ಹೋಗುವುದು ಒಳ್ಳೆಯದು. ಸಮುದ್ರದ ಗಾಳಿ ಆಗ ಏಳುತ್ತದೆ. ಹಿಂದೆ ಚಳಿಗಾಲದಲ್ಲಿ ಧೂಳು, ಥಂಡಿ ಬಾರದಂತೆ ಗೋಪುರದ ಬಾಯಿ ಮುಚ್ಚಿಬಿಡುತ್ತಿದ್ದರು. ಬಾಯಿ ತೆರೆದಿರುವ ಮನೆ ಯಾವುದೆಂದು ಕೇಳಿಕೊಂಡು ಒಳಗೆ ಹೋಗಿ, ಗೋಪುರದ ಸರಿ ಕೆಳಗೆ ನಿಂತು, ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಗಾಳಿಯ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ.