ಯಾರೊಡನೆ ಯಾವ ಆಟ?

ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಈಗ ಒಂದು ಹೊಸ ಬಗೆಯ ಕೆಫೆ ಕಾಣಿಸಿಕೊಂಡಿದೆ. ಅಲ್ಲಿ ಕಾಫಿ-ತಿಂಡಿಗಿಂತ ಮುಖ್ಯವಾದದ್ದು ಗೋಡೆಯುದ್ದಕ್ಕೂ ಜೋಡಿಸಿಟ್ಟ ಬಣ್ಣಬಣ್ಣದ ಪೆಟ್ಟಿಗೆಗಳು. ಗಂಟೆಗಿಷ್ಟು ಎಂದು ಹಣ ತೆತ್ತು, ಬೇಕಾದ ಪೆಟ್ಟಿಗೆಯನ್ನು ಇಳಿಸಿಕೊಂಡು, ಮೇಜಿನ ಸುತ್ತ ಕುಳಿತು ಆಡಬಹುದು. ಇವು ಮಕ್ಕಳ ಆಟಿಕೆಗಳಲ್ಲ. ವಯಸ್ಕರಿಗಾಗಿಯೇ ರೂಪಿಸಿದ ಆಧುನಿಕ ಮಣೆಯಾಟಗಳು. ಇದೇ ಪೆಟ್ಟಿಗೆಗಳು ವಿದೇಶದಿಂದ ಬರುವ ಮಕ್ಕಳ ಸೂಟ್‌ಕೇಸುಗಳಲ್ಲಿಯೂ ಆನ್‌ಲೈನ್ ಅಂಗಡಿಗಳ ಮೂಲಕವೂ ಮಧ್ಯಮ ವರ್ಗದ ಮನೆಗಳನ್ನು ಪ್ರವೇಶಿಸುತ್ತಿವೆ. ಪ್ರವೇಶಿಸಿದ ಮೇಲೆ ಬಹುಪಾಲು ಪೆಟ್ಟಿಗೆಗಳ ಗತಿ ಒಂದೇ: ಒಮ್ಮೆ ಆಡಿ, ಅರ್ಧಕ್ಕೆ ನಿಲ್ಲಿಸಿ, ಅಟ್ಟಕ್ಕೇರಿಸುವುದು. ಆಟ ಕೆಟ್ಟದ್ದೆಂದು ಹೀಗಾಗುವುದಿಲ್ಲ. ಅತ್ಯುತ್ತಮ ಆಟ ಯಾವುದೆಂದು ವಿಚಾರಿಸಿ ಕೊಂಡವರು, ತಮ್ಮ ಮನೆಯ ಮೇಜಿಗೆ ಬಂದು ಕೂರುವವರು ಯಾರೆಂಬುದನ್ನು ವಿಚಾರಿಸಿಕೊಂಡಿರುವುದಿಲ್ಲ.

ಈ ವಿವೇಚನೆ ನಮ್ಮ ಹಿರಿಯರಲ್ಲಿತ್ತು. ಇಬ್ಬರಿದ್ದರೆ ಅಳಗುಳಿಮಣೆ, ನಾಲ್ವರಾದರೆ ಚೌಕಾಬಾರ; ಚಿಕ್ಕವರು ಜೊತೆಗಿದ್ದರೆ ಕವಡೆಯ ಅದೃಷ್ಟ ಹೆಚ್ಚು ನಡೆಯುವ ಆಟ, ಸಮಬಲರಾದರೆ ಹುಲಿ-ಕುರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಮಣೆಯಾಟಗಳನ್ನು ರಚಿಸಿದವರು; ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವೇ ಇದ್ದು, ಆಟಗಳಿಗೆ ಅಲ್ಲಿ ಸ್ಥಾನ ದೊರೆತಿದೆ. ಅಂಥ ನಾಡಿನ ನಗರಗಳಲ್ಲಿ ಒಂದೆರಡು ತಲೆಮಾರಿನೊಳಗೆ ಜಗಲಿಯೂ ಹೋಯಿತು, ಅದರ ಮೇಲೆ ಕೊರೆದಿದ್ದ ಮನೆಗಳೂ ಹೋದವು. ಬದಲಿಗೆ ಬಂದದ್ದು ಲೂಡೊ, ಹಾವು-ಏಣಿ ಮತ್ತು ‘ಬಿಸಿನೆಸ್’.

ಈ ಕೊನೆಯದರ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ಕಷ್ಟ. ಬಿಸಿನೆಸ್ ಎಂಬುದು ಮೊನಾಪಲಿಯ ದೇಶೀ ರೂಪ. ಮೊನಾಪಲಿಯ ಮೂಲ, ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’. ಆಕೆ ಹೆನ್ರಿ ಜಾರ್ಜ್‌ನ ಅನುಯಾಯಿ. ಭೂಮಿಯ ಒಡೆತನದಿಂದಷ್ಟೇ ಬರುವ ಆದಾಯ ಸಮಾಜವನ್ನು ಹೇಗೆ ಹಿಂಡುತ್ತದೆಂದು ಆಟದ ಮೂಲಕ ತೋರಿಸುವುದು ಆಕೆಯ ಉದ್ದೇಶವಾಗಿತ್ತು. ಏಕಸ್ವಾಮ್ಯ ಗಳಿಸಿದವನು ಗೆಲ್ಲುವ ನಿಯಮಗಳ ಜೊತೆಗೆ, ಸಂಪತ್ತು ಎಲ್ಲರಿಗೂ ಹಂಚಿಕೆಯಾಗುವ ಇನ್ನೊಂದು ನಿಯಮಾವಳಿಯನ್ನೂ ಆಕೆ ರೂಪಿಸಿದ್ದಳು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಆಕೆಯ ಹಕ್ಕನ್ನು ಕೇವಲ 500 ಡಾಲರಿಗೆ ಕೊಂಡಿತು. ಜಗತ್ತಿಗೆ ತಲುಪಿದ್ದು ಮೊದಲ ನಿಯಮಾವಳಿ ಮಾತ್ರ, ಅದೂ ಎಚ್ಚರಿಕೆಯಾಗಿ ಅಲ್ಲ, ಆದರ್ಶವಾಗಿ.

ಆದರೆ ಮನೆಯವರಿಗೆ ಆಗುವ ತೊಂದರೆ ಸಿದ್ಧಾಂತದ್ದಲ್ಲ. ಮೊನಾಪಲಿಯಲ್ಲಿ ಒಬ್ಬೊಬ್ಬರೇ ದಿವಾಳಿಯಾಗಿ ಹೊರಬೀಳುತ್ತಾರೆ. ಮೊದಲು ಹೊರಬಿದ್ದ ಹತ್ತು ವರ್ಷದ ಮಗು ಮೊಬೈಲ್ ಕೈಗೆತ್ತಿಕೊಳ್ಳುತ್ತದೆ. ಉಳಿದಿಬ್ಬರು ಇನ್ನೊಂದು ಗಂಟೆ ನೋಟು ಎಣಿಸುತ್ತಾರೆ. ಒಟ್ಟಿಗೆ ಕೂರಲೆಂದು ಆರಂಭಿಸಿದ ಆಟ ಒಬ್ಬೊಬ್ಬರನ್ನೇ ಎಬ್ಬಿಸಿ ಕಳುಹಿಸುತ್ತದೆ.

ಈ ದೋಷವನ್ನು ತಿದ್ದಿದ ಕೀರ್ತಿ ಬಹುಮಟ್ಟಿಗೆ ಜರ್ಮನರದು. ಅಲ್ಲಿ 1979ರಿಂದ ವಿಮರ್ಶಕರ ಮಂಡಳಿಯೊಂದು ಪ್ರತಿವರ್ಷ ‘ವರ್ಷದ ಆಟ’ ಎಂಬ ಪ್ರಶಸ್ತಿ ನೀಡುತ್ತಿದೆ. ಎಸ್ಸೆನ್ ನಗರದಲ್ಲಿ ಪುಸ್ತಕ ಮೇಳದಂತೆಯೇ ವರ್ಷಕ್ಕೊಮ್ಮೆ ಆಟಗಳ ಮೇಳ ನಡೆಯುತ್ತದೆ. ಕಾದಂಬರಿಯ ಮುಖಪುಟದಲ್ಲಿ ಲೇಖಕನ ಹೆಸರಿರುವಂತೆ ಪೆಟ್ಟಿಗೆಯ ಮೇಲೆ ಆಟ ರಚಿಸಿದವರ ಹೆಸರಿರುತ್ತದೆ. ದಂತ ತಂತ್ರಜ್ಞರಾಗಿದ್ದ ಕ್ಲೌಸ್ ಟಾಯ್ಬರ್ (1952–2023) ರಚಿಸಿದ ‘ಕಟಾನ್’ 1995ರಲ್ಲಿ ಈ ಪ್ರಶಸ್ತಿ ಪಡೆದು ಜಗತ್ತಿನಾದ್ಯಂತ ಹರಡಿತು.

ಕಟಾನ್ ಒಂದು ಕಾಲ್ಪನಿಕ ದ್ವೀಪ. 19 ಷಟ್ಕೋನ ಬಿಲ್ಲೆಗಳನ್ನು ಪ್ರತಿಸಲವೂ ಬೇರೆಬೇರೆಯಾಗಿ ಜೋಡಿಸುವುದರಿಂದ ಭೂಪಟ ಮರುಕಳಿಸುವುದಿಲ್ಲ. ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಎಂಬ ಐದು ಸಂಪನ್ಮೂಲಗಳಿಂದ ರಸ್ತೆ-ಊರುಗಳನ್ನು ಕಟ್ಟಿ ಮೊದಲು 10 ಅಂಕ ಗಳಿಸಿದವರು ಗೆಲ್ಲುತ್ತಾರೆ. ಎರಡು ದಾಳಗಳ ಮೊತ್ತ ಯಾವ ಬಿಲ್ಲೆಯ ಸಂಖ್ಯೆಗೆ ಹೊಂದುತ್ತದೆಯೋ ಅದರ ಪಕ್ಕದಲ್ಲಿ ಊರು ಕಟ್ಟಿದ ಎಲ್ಲರಿಗೂ, ದಾಳ ಎಸೆದವರು ಯಾರೇ ಆಗಿರಲಿ, ಫಸಲು ಬರುತ್ತದೆ. ಆದ್ದರಿಂದ ಇತರರ ಸರದಿಯಲ್ಲಿಯೂ ಯಾರೂ ಸುಮ್ಮನೆ ಕೂರುವುದಿಲ್ಲ. 36 ಸಾಧ್ಯತೆಗಳಲ್ಲಿ 6 ಮತ್ತು 8 ಐದೈದು ಬಾರಿ, 2 ಮತ್ತು 12 ಒಂದೊಂದೇ ಬಾರಿ ಬೀಳಬಲ್ಲವು ಎಂಬುದನ್ನು ಹೈಸ್ಕೂಲಿನ ಹುಡುಗ ಪಠ್ಯಪುಸ್ತಕಕ್ಕಿಂತ ಬೇಗ ಇಲ್ಲಿ ಕಲಿಯುತ್ತಾನೆ. ಯಾರೂ ಆಟದಿಂದ ಹೊರಬೀಳುವುದಿಲ್ಲ.

ಇಷ್ಟೆಲ್ಲ ಗುಣವಿದ್ದರೂ ಕಟಾನ್ ಎಲ್ಲ ಮನೆಗೂ ಹೊಂದುವುದಿಲ್ಲ. ಅದರ ಜೀವಾಳ ಚೌಕಾಸಿ. ‘ನಿಮ್ಮ ಇಟ್ಟಿಗೆ ಕೊಡಿ, ನನ್ನ ಉಣ್ಣೆ ಕೊಡುತ್ತೇನೆ’ ಎಂದು ಕೇಳಬೇಕು, ‘ಕೊಡುವುದಿಲ್ಲ’ ಎಂದು ಮುಖಕ್ಕೆ ಹೇಳಬೇಕು. ಹಾಸ್ಟೆಲಿನ ಗೆಳೆಯರಿಗೆ ಇದು ಸಹಜ. ಮಾವನವರು ಕೈಚಾಚಿ ಇಟ್ಟಿಗೆ ಕೇಳಿದಾಗ ಹೊಸದಾಗಿ ಮನೆಗೆ ಬಂದ ಸೊಸೆ ಏನೆನ್ನಬೇಕು? ಅನೇಕ ಮನೆಗಳಲ್ಲಿ ಆಕೆ ಕೊಟ್ಟೇ ಬಿಡುತ್ತಾಳೆ, ಸೋಲುತ್ತಾಳೆ, ಮುಂದಿನ ಭಾನುವಾರ ಅಡುಗೆಮನೆಯಲ್ಲಿ ಕೆಲಸವಿದೆ ಎನ್ನುತ್ತಾಳೆ. ಮಾರುಕಟ್ಟೆಯಲ್ಲಿ ಸರ್ವರೂ ಸಮಾನರೆಂದು ಪಠ್ಯಗಳು ಹೇಳುತ್ತವೆ. ಊಟದ ಮೇಜಿನ ಮಾರುಕಟ್ಟೆಯಲ್ಲಿ ಹಾಗಿಲ್ಲ.

ಅಂಥ ಮನೆಗೆ ‘ಟಿಕೆಟ್ ಟು ರೈಡ್’ ಲೇಸು. ಅಲನ್ ಮೂನ್ ರಚಿಸಿದ ಈ ಆಟ 2004ರ ಪ್ರಶಸ್ತಿ ಪಡೆಯಿತು. ಕೈಗೆ ಬಂದ ಟಿಕೆಟಿನಲ್ಲಿರುವ ಎರಡು ಊರುಗಳನ್ನು ರೈಲು ಮಾರ್ಗದಿಂದ ಜೋಡಿಸುವುದಷ್ಟೇ ಕೆಲಸ. ಸರದಿ ಬಂದಾಗ ಮಾಡಬಹುದಾದದ್ದು ಮೂರರಲ್ಲಿ ಒಂದು: ಬಣ್ಣದ ಎಲೆ ತೆಗೆದುಕೊಳ್ಳುವುದು, ಮಾರ್ಗ ಹಿಡಿಯುವುದು, ಹೊಸ ಟಿಕೆಟ್ ಪಡೆಯುವುದು. ಐದು ನಿಮಿಷದಲ್ಲಿ ಕಲಿಸಬಹುದು. ಮಾವನವರಿಗೆ ಬೇಕಾದ ಮಾರ್ಗವನ್ನು ಸೊಸೆ ಒಂದು ಮಾತನ್ನೂ ಆಡದೆ, ವಿನಯದಿಂದ, ಅವರಿಗಿಂತ ಮೊದಲೇ ಹಿಡಿದುಬಿಡಬಹುದು! 2011ರಲ್ಲಿ ಇದಕ್ಕೆ ಭಾರತದ ನಕ್ಷೆಯೂ ಬಂದಿತು. ಮೂಲ ಪೆಟ್ಟಿಗೆಯಿಲ್ಲದೆ ಅದನ್ನಷ್ಟೇ ಕೊಂಡರೆ ಆಡಲಾಗದು ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಭಾಷೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಇಂದಿನ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಇಂಗ್ಲಿಷ್ ಓದದ ಅಜ್ಜಿ, ಕನ್ನಡ ಓದದ ಮೊಮ್ಮಗ ಇಬ್ಬರೂ ಇದ್ದಾರೆ. ಕ್ಯಾಲಿಫೋರ್ನಿಯಾದಿಂದ ಮೂರು ವಾರಕ್ಕೆ ಬಂದ ಮೊಮ್ಮಗನೊಡನೆ ಅಜ್ಜಿಯ ಸಂಭಾಷಣೆ ‘ಊಟ ಆಯ್ತಾ?’ ಎಂಬಲ್ಲಿಗೆ ಮುಗಿಯುತ್ತದೆ. ಎಲೆಯೆಲೆಯ ಮೇಲೂ ಇಂಗ್ಲಿಷ್ ವಾಕ್ಯಗಳಿರುವ ಆಟವನ್ನು ಈ ಮೇಜಿಗೆ ತಂದರೆ ಅಜ್ಜಿ ಪ್ರೇಕ್ಷಕಿಯಾಗುತ್ತಾರೆ. ಓದುವ ಅಗತ್ಯವೇ ಇಲ್ಲದ ಆಟಗಳಿವೆ. 2018ರ ಪ್ರಶಸ್ತಿ ಪಡೆದ ‘ಅಜುಲ್’ನಲ್ಲಿ ಪೋರ್ಚುಗೀಸ್ ಶೈಲಿಯ ಬಣ್ಣದ ಬಿಲ್ಲೆಗಳಿಂದ ಗೋಡೆಯ ಅಲಂಕಾರ ರಚಿಸಬೇಕು. ರಂಗೋಲಿ ಹಾಕಿದ ಕೈಗೆ ವಿನ್ಯಾಸವೆಂದರೇನೆಂದು ವಿವರಿಸಬೇಕಾಗಿಲ್ಲ. ಬಿಲ್ಲೆಗಳು ದಪ್ಪವಾಗಿದ್ದು, ಮಂದಗಣ್ಣಿಗೂ ನಡುಗುವ ಬೆರಳಿಗೂ ಅನುಕೂಲವಾಗಿವೆ.

ಇನ್ನೊಂದು, ಫ್ರಾನ್ಸಿನ ‘ದಿಕ್ಸಿತ್’. ಇದರ ಎಲೆಗಳಲ್ಲಿ ಅಕ್ಷರವಿಲ್ಲ, ಕನಸಿನಂಥ ಚಿತ್ರಗಳು ಮಾತ್ರ. ಒಬ್ಬರು ತಮ್ಮ ಕೈಯ ಚಿತ್ರವೊಂದಕ್ಕೆ ಸುಳಿವು ಹೇಳುತ್ತಾರೆ. ಉಳಿದವರು ಆ ಸುಳಿವಿಗೆ ಹೊಂದುವ ತಮ್ಮ ಚಿತ್ರವನ್ನು ಹಾಕುತ್ತಾರೆ. ಕಲಸಿ ಹರಡಿದ ಮೇಲೆ ಮೂಲ ಚಿತ್ರ ಯಾವುದೆಂದು ಊಹಿಸಬೇಕು. ಎಲ್ಲರೂ ಊಹಿಸಿದರೆ ಸುಳಿವು ಕೊಟ್ಟವರಿಗೆ ಸೊನ್ನೆ, ಯಾರೂ ಊಹಿಸದಿದ್ದರೂ ಸೊನ್ನೆ. ಅಂದರೆ ಸುಳಿವು ಕೆಲವರಿಗಷ್ಟೇ ತಿಳಿಯಬೇಕು. ಒಂದೇ ಕಾಲೇಜು, ಒಂದೇ ಕಚೇರಿಯವರು ಆಡುವಾಗ ಇದು ಕಷ್ಟ, ಏಕೆಂದರೆ ಎಲ್ಲರಿಗೂ ಎಲ್ಲವೂ ತಿಳಿಯುತ್ತದೆ. ಮೂರು ತಲೆಮಾರು ಬೆರೆತ ಮೇಜಿನಲ್ಲಿ ಮಾತ್ರ ಆಟ ಅರಳುತ್ತದೆ. ಉದ್ದನೆಯ ಏಣಿಯ ಚಿತ್ರಕ್ಕೆ ಅಜ್ಜಿ ‘ತ್ರಿಶಂಕು’ ಎಂದರೆ ಮಗಳಿಗೆ ಹೊಳೆಯುತ್ತದೆ, ಮೊಮ್ಮಗನಿಗೆ ಹೊಳೆಯುವುದಿಲ್ಲ, ಅಜ್ಜಿಗೆ ಅಂಕ. ಅಷ್ಟರಲ್ಲಿ ‘ತ್ರಿಶಂಕು ಅಂದ್ರೆ ಯಾರು?’ ಎಂದು ಆತ ಕೇಳಿರುತ್ತಾನೆ. ಊಟ ಆಯಿತೇ ಎಂಬುದರಾಚೆಗಿನ ಮಾತು ಅಲ್ಲಿಂದ ಆರಂಭವಾಗುತ್ತದೆ.

ನಿವೃತ್ತರ ಗುಂಪಿನ ಸಮಸ್ಯೆ ಬೇರೆ. ಜೀವಮಾನವಿಡೀ ಸಭೆಗಳ ಅಧ್ಯಕ್ಷತೆ ವಹಿಸಿದವರು ಮೇಜಿನ ತಲೆಯಲ್ಲಿ ಕುಳಿತರೆ ಅಧ್ಯಕ್ಷತೆ ತಾನಾಗಿಯೇ ಆರಂಭವಾಗುತ್ತದೆ. ಇಂಥವರಿಗೆ, ಎಲ್ಲರೂ ಒಂದೇ ಪಕ್ಷವಾಗಿ ಆಟವನ್ನೇ ಎದುರಿಸುವ ಸಹಕಾರಿ ಆಟಗಳು ಒಳ್ಳೆಯವೆಂದು ತೋರುತ್ತದೆ. ಮ್ಯಾಟ್ ಲೀಕಾಕ್ ರಚಿಸಿದ ‘ಪ್ಯಾಂಡೆಮಿಕ್’ (2008) ಇವುಗಳಲ್ಲಿ ಪ್ರಸಿದ್ಧ; ಭೂಪಟದ ಮೇಲೆ ಹರಡುವ ನಾಲ್ಕು ರೋಗಗಳನ್ನು ಎಲ್ಲರೂ ಸೇರಿ ತಡೆಯಬೇಕು, ಗೆದ್ದರೆ ಎಲ್ಲರೂ ಗೆದ್ದಂತೆ. ಕೋವಿಡ್‌ನಲ್ಲಿ ಆಪ್ತರನ್ನು ಕಳೆದುಕೊಂಡವರ ಮುಂದೆ ಈ ಪೆಟ್ಟಿಗೆ ತೆರೆಯುವ ಮೊದಲು ಒಮ್ಮೆ ಕೇಳುವುದು ಸೌಜನ್ಯ. ಅದಿರಲಿ, ವ್ಯವಹಾರದಲ್ಲಿ ಆಗುವುದೇನೆಂದರೆ, ಎಲ್ಲ ಮಾಹಿತಿಯೂ ಎಲ್ಲರ ಕಣ್ಣಮುಂದೆ ಇರುವುದರಿಂದ ಒಬ್ಬರೇ ನಾಲ್ವರ ಆಟವನ್ನೂ ಆಡಿಬಿಡುತ್ತಾರೆ. ನಮ್ಮ ಬಳಗದಲ್ಲಿ ನಿವೃತ್ತ ಮುಖ್ಯ ಎಂಜಿನಿಯರೊಬ್ಬರಿದ್ದಾರೆ, ಸಜ್ಜನರು, ಬುದ್ಧಿವಂತರು. ಪ್ಯಾಂಡೆಮಿಕ್ ಆಡುವಾಗ ಅವರು ಆದೇಶ ಹೊರಡಿಸುತ್ತಾರೆ, ಉಳಿದವರು ಅನುಷ್ಠಾನಕ್ಕೆ ತರುತ್ತೇವೆ.

ಇದಕ್ಕೆ ಮದ್ದು ‘ಹನಬಿ’ (2010). ಅಂತ್ವಾನ್ ಬೌಜಾ ರಚಿಸಿದ ಈ ಪುಟ್ಟ ಆಟದಲ್ಲಿ ನಮ್ಮ ಎಲೆಗಳನ್ನು ಬೆನ್ನು ನಮ್ಮತ್ತ ಇರುವಂತೆ ಹಿಡಿಯಬೇಕು. ನಮ್ಮ ಕೈಯಲ್ಲಿರುವುದು ನಮಗೊಬ್ಬರಿಗೇ ಕಾಣದು, ಮಿಕ್ಕ ಎಲ್ಲರಿಗೂ ಕಾಣುತ್ತದೆ. ಪರಸ್ಪರ ಹೇಳಬಹುದಾದದ್ದು ಬಣ್ಣ ಅಥವಾ ಸಂಖ್ಯೆ ಮಾತ್ರ; ಅಂಥ ಸುಳಿವುಗಳಿಗೂ ಮಿತಿಯುಂಟು. ಎಷ್ಟೇ ಅನುಭವಿಯಾದರೂ ಇತರರು ಹೇಳಿದ್ದನ್ನು ಕೇಳಿಸಿಕೊಂಡು ನೆನಪಿಟ್ಟುಕೊಳ್ಳದೆ ಗತ್ಯಂತರವಿಲ್ಲ. ನಮ್ಮ ಎಂಜಿನಿಯರ್ ಮಿತ್ರರ ಪತ್ನಿ, ಅದುವರೆಗೆ ಮೇಜಿನ ಬಳಿಗೆ ಕಾಫಿ ತರಲು ಮಾತ್ರ ಬರುತ್ತಿದ್ದವರು, ಹನಬಿಯಲ್ಲಿ ನಮ್ಮೆಲ್ಲರಿಗಿಂತ ನಿಪುಣರು. ಕಾಫಿಯನ್ನು ಈಗ ಸರದಿಯ ಮೇಲೆ ತರುತ್ತೇವೆ.

ಲೆಕ್ಕಪತ್ರದಲ್ಲಿ ಸುಖ ಕಾಣುವವರಿಗೆ ‘ಪವರ್ ಗ್ರಿಡ್’ (2004) ಇದೆ. ವಿದ್ಯುತ್ ಸ್ಥಾವರಗಳ ಹರಾಜು, ಕೊಂಡಂತೆಲ್ಲ ಏರುವ ಇಂಧನದ ಬೆಲೆ, ಮುಂದಿರುವವರು ಕೊನೆಗೆ ಕೊಳ್ಳಬೇಕೆಂಬ ನಿಯಮ. ಎರಡು ಗಂಟೆ ಬೇಕು. ಇದನ್ನು ಮಕ್ಕಳ ಮುಂದೆ ಹರಡಬಾರದು. ಮಕ್ಕಳು ದೂರದಲ್ಲಿದ್ದು ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು ಗಣಿತಜ್ಞ ರೈನರ್ ಕ್ನಿಜಿಯಾರ ‘ಲಾಸ್ಟ್ ಸಿಟೀಸ್’ (1999) ನೋಡಬಹುದು. ಅರ್ಧ ಗಂಟೆಯ ಆಟ, ಸಂಜೆಯ ವಾರ್ತೆಗಿಂತ ಹಿತ. ಈ ಪೆಟ್ಟಿಗೆಗಳಲ್ಲಿ ಅನೇಕವುಗಳ ಬೆಲೆ ಸಾವಿರಗಳಲ್ಲಿರುವುದರಿಂದ ಕೊಳ್ಳುವ ಮೊದಲು ಕೆಫೆಯಲ್ಲಿ ಒಮ್ಮೆ ಆಡಿ ನೋಡುವುದು ಮಿತವ್ಯಯ. ಕೊಂಡ ಮೇಲೆ, ಒಬ್ಬರು ಹಿಂದಿನ ರಾತ್ರಿಯೇ ನಿಯಮಾವಳಿ ಓದಿಕೊಂಡಿರಬೇಕು. ಅತಿಥಿಗಳನ್ನು ಕೂರಿಸಿಕೊಂಡು ನಿಯಮ ಪಾರಾಯಣ ಮಾಡಿದರೆ ಅವರು ಮತ್ತೆ ಬರುವುದಿಲ್ಲ.

ಒಂದು ಆಟಕ್ಕಂತೂ ನಾವು ಹಣವನ್ನೇ ಖರ್ಚು ಮಾಡಬೇಕಾಗಿಲ್ಲ. ಜೆಕ್ ದೇಶದ ವ್ಲಾದಾ ಖ್ವಾತಿಲ್ ರಚಿಸಿದ ‘ಕೋಡ್‌ನೇಮ್ಸ್’ 2016ರ ಪ್ರಶಸ್ತಿ ವಿಜೇತ. ಮೇಜಿನ ಮೇಲೆ 25 ಪದಗಳು, ಎರಡು ತಂಡಗಳು. ಯಾವ ಪದ ಯಾರದೆಂದು ಇಬ್ಬರು ನಾಯಕರಿಗೆ ಮಾತ್ರ ಗೊತ್ತು: ಒಂದು ತಂಡಕ್ಕೆ 9, ಇನ್ನೊಂದಕ್ಕೆ 8, ಯಾರಿಗೂ ಸೇರದವು 7, ಮುಟ್ಟಿದೊಡನೆ ಸೋಲು ತರುವ ಹಂತಕ 1. ನಾಯಕ ಒಂದು ಪದ ಮತ್ತು ಒಂದು ಸಂಖ್ಯೆಯನ್ನಷ್ಟೇ ಹೇಳಬೇಕು. ತಂಡದವರು ಅದಕ್ಕೆ ಸಂಬಂಧಿಸಿದ ಅಷ್ಟು ಪದಗಳನ್ನು ಗುರುತಿಸಬೇಕು. ಇಂಗ್ಲಿಷ್ ಪೆಟ್ಟಿಗೆ ನಮ್ಮ ಅರ್ಧದಷ್ಟು ಬಂಧುಗಳನ್ನು ಹೊರಗಿಡುತ್ತದೆ. ಆದರೆ ಮದುವೆಯ ಆಮಂತ್ರಣದ ಹಳೆಯ ರಟ್ಟುಗಳನ್ನು ಕತ್ತರಿಸಿ ಇನ್ನೂರು ಕನ್ನಡ ಪದಗಳನ್ನು ಬರೆಯುವುದು ಒಂದು ಸಂಜೆಯ ಕೆಲಸ. ಯಾವ ಪದ ಯಾರದೆಂಬ ಗುಟ್ಟಿನ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಇಬ್ಬರು ನಾಯಕರೇ ಗೀಚಿಕೊಂಡರೆ ಸಾಕು.

ಆಡಿದಾಗ ತಿಳಿಯುತ್ತದೆ, ಶ್ಲೇಷೆಯ ಸಂಪತ್ತುಳ್ಳ ಕನ್ನಡಕ್ಕೇ ಈ ಆಟವನ್ನು ಅಳತೆ ಕೊಟ್ಟು ಹೊಲಿಸಿದಂತಿದೆ ಎಂದು. ‘ಎಲೆ, ನಾಲ್ಕು’ ಎಂದರೆ ಮರ, ಮದುವೆ ಊಟ, ಇಸ್ಪೀಟು, ಅಡಿಕೆ. ‘ಹರಿ, ಮೂರು’ ಎಂದರೆ ವೈಕುಂಠ, ನದಿ, ಹಳೆಯ ಬಟ್ಟೆ. ‘ತಿಂಗಳು, ಎರಡು’ ಎಂದಾಗ ಸಂಬಳವನ್ನು ಎಲ್ಲರೂ ಹಿಡಿಯುತ್ತಾರೆ. ಚಕೋರವನ್ನು ಹಿಡಿಯಲು ಹಳಗನ್ನಡದ ಪರಿಚಯವಿದ್ದವರು ಬೇಕು. ‘ಹಣ್ಣು, ಮೂರು’ ಎಂಬ ಸುಳಿವಿಗೆ ಮಾವು, ಮುಪ್ಪು ಎಂಬೆರಡನ್ನು ಗುರುತಿಸಿ ತರುಣರು ತಡವರಿಸುವಾಗ, ಮನೆ ಸೇರಿದ ಕಾಯಿಯನ್ನು ಹಣ್ಣು ಎನ್ನುತ್ತಿದ್ದುದನ್ನು ಬಲ್ಲ ಹಿರಿಯರು ಪಗಡೆಯ ಮೇಲೆ ಬೆರಳಿಡುತ್ತಾರೆ. ಮೈಸೂರಿನವರೂ ಧಾರವಾಡದವರೂ ಒಂದೇ ತಂಡದಲ್ಲಿದ್ದರಂತೂ ಅಪಾರ್ಥಗಳಿಗೆ ಬರವಿಲ್ಲ.

ತೊಡಕು ಒಂದಿದೆ. ಸುಳಿವು ಒಂದೇ ಪದವಾಗಿರಬೇಕೆಂಬುದು ಮೂಲ ನಿಯಮ. ವಿಭಕ್ತಿ ಹಚ್ಚಿ, ಸಂಧಿ ಮಾಡಿ, ಸಮಾಸ ಕಟ್ಟಿ ಇಡೀ ವಾಕ್ಯವನ್ನೇ ಒಂದು ಪದವಾಗಿಸಬಲ್ಲ ಭಾಷೆಯಲ್ಲಿ ಇದನ್ನು ಹೇಗೆ ಅನ್ವಯಿಸುವುದು? ನಮ್ಮ ಬಳಗದಲ್ಲಿ ವಿಭಕ್ತಿಯನ್ನು ನಿಷೇಧಿಸಲಾಗಿದೆ, ನಿಘಂಟಿನಲ್ಲಿರುವ ಸಮಾಸಕ್ಕೆ ಅನುಮತಿಯಿದೆ. ಅರಿಸಮಾಸದ ವಿಷಯದಲ್ಲಿ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರ ಆಕ್ಷೇಪಣೆ ಇರುವುದರಿಂದ ಆ ಕಡತ ಇನ್ನೂ ಪರಿಶೀಲನೆಯಲ್ಲಿದೆ.